ದಿನಕ್ಕೊಂದೇ ಸಿಗರೇಟು: ಹೃದಯಕ್ಕೆ ರಿಯಾಯಿತಿ ಇಲ್ಲ

ಬೀಡಿ, ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಕನಿಷ್ಠ 69 ಕ್ಯಾನ್ಸರ್‌ ತರುವಂಥವು. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಬೇಕರಿಗಳ ಮುಂದೆ ಟೀ ಜೊತೆ ‘ದಿನಕ್ಕೆ ಒಂದೇ ತಾನೆ’ ಎಂದು ಸೇದುವವರ ಮೈಗೂ ಇವೇ ಸೇರುತ್ತವೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 8.8ರಷ್ಟು ಮಂದಿ ಧೂಮಪಾನಿಗಳು.

ಮಿದುಳು: ಒಂದು ದಮ್ ಎಳೆದ 10–20 ಸೆಕೆಂಡಿನಲ್ಲೇ ನಿಕೋಟಿನ್ ಮಿದುಳು ಮುಟ್ಟಿ, ಹಿತವೆನಿಸುವ ಡೋಪಮೈನ್ ಹೊಮ್ಮಿಸುತ್ತದೆ. ನಿಕೋಟಿನ್ ಮಟ್ಟ ಇಳಿದಂತೆ ಚಡಪಡಿಕೆ ಶುರುವಾಗುತ್ತದೆ. ಟೆನ್ಷನ್ ಕಡಿಮೆಯಾಯಿತು ಎನ್ನಿಸುವುದು ಬಹುಪಾಲು ಈ ಚಡಪಡಿಕೆ ತಣಿದದ್ದರಿಂದ.

ಶ್ವಾಸಕೋಶ: ಉಸಿರ್ನಾಳದ ಒಳಪದರದಲ್ಲಿರುವ ಸೂಕ್ಷ್ಮ ರೋಮಗಳು ದೂಳು, ಕಫವನ್ನು ಮೇಲಕ್ಕೆ ತಳ್ಳುತ್ತವೆ. ಹೊಗೆ ಅವನ್ನು ಜಡಗೊಳಿಸುತ್ತದೆ. ಬೆಳಗಿನ ಕೆಮ್ಮು ಅದರ ಗುರುತು. ವರ್ಷಗಳು ಕಳೆದಂತೆ ಗಾಳಿಗೂಡುಗಳ ಗೋಡೆ ಒಡೆದು ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶ ರೋಗ) ಬರಬಹುದು. ಒಡೆದ ಗೂಡುಗಳು ಮತ್ತೆ ಬೆಳೆಯುವುದಿಲ್ಲ. ಕ್ಷಯದ ಅಪಾಯವೂ ಹೆಚ್ಚು. ಬೀಡಿ ಸೌಮ್ಯವೆಂಬ ನಂಬಿಕೆ ತಪ್ಪು: ಅದನ್ನು ಸುತ್ತುವ ತೂಪರೆ ಎಲೆಯಲ್ಲಿ ಗಾಳಿ ಸುಲಭವಾಗಿ ಆಡದ ಕಾರಣ, ಬೀಡಿ ಆರದಂತೆ ಪದೇ ಪದೇ ಜೋರಾಗಿ ಎಳೆಯಬೇಕಾಗುತ್ತದೆ.

ಹೃದಯ, ರಕ್ತನಾಳ: ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಕಸಿಯುತ್ತದೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳ ಒಳಪದರ ಕೆಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇದಕ್ಕೆಲ್ಲ ಹೊಗೆ ಹೆಚ್ಚು ಬೇಕಿಲ್ಲ. ದಿನಕ್ಕೆ ಒಂದೇ ಸೇದುವವರ ಹೃದ್ರೋಗದ ಹೆಚ್ಚುವರಿ ಅಪಾಯ, 20 ಸೇದುವವರಿಗಿರುವುದರ ಸುಮಾರು ಅರ್ಧದಷ್ಟು ಎಂದು 2018ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆ ತೋರಿಸಿತು. ಸಿಗರೇಟು ಇಪ್ಪತ್ತರಿಂದ ಒಂದಕ್ಕೆ ಇಳಿದರೂ ಅಪಾಯ ಆ ಲೆಕ್ಕದಲ್ಲಿ ಇಳಿಯದು.

ಇತರ ಅಂಗಗಳು: ಬಾಯಿ, ಗಂಟಲು, ಅನ್ನನಾಳ, ಮೇದೋಜೀರಕ ಗ್ರಂಥಿ, ಮೂತ್ರಕೋಶದ ಕ್ಯಾನ್ಸರ್‌ಗೂ ಧೂಮಪಾನ ಕಾರಣ. ಕಾಲಿನ ರಕ್ತನಾಳ ಕಟ್ಟಿಕೊಂಡು ಗ್ಯಾಂಗ್ರೀನ್ ಆಗಬಹುದು. ಗರ್ಭಿಣಿ ಸೇದಿದರೆ ಮಗುವಿನ ತೂಕ ತಗ್ಗುತ್ತದೆ. ಪಕ್ಕದಲ್ಲಿ ನಿಂತು ಹೊಗೆ ಕುಡಿಯುವವರಿಗೂ ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್ ತಗಲಬಹುದು. ಸಾರ್ವಜನಿಕ ಸ್ಥಳಗಳಲ್ಲಿ 2008ರ ಅಕ್ಟೋಬರ್ 2ರಿಂದ ಧೂಮಪಾನ ನಿಷಿದ್ಧವಾಗಿರುವುದು ಇವರ ರಕ್ಷಣೆಗಾಗಿಯೇ.

ಬಿಟ್ಟರೆ: 20 ನಿಮಿಷದಲ್ಲಿ ಹೃದಯದ ಬಡಿತ ಇಳಿಯುತ್ತದೆ. 12 ಗಂಟೆಯಲ್ಲಿ ರಕ್ತದ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ; 10 ವರ್ಷದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಸುಮಾರು ಅರ್ಧವಾಗುತ್ತದೆ. ಬಿಡಲು ಬಯಸುವವರಿಗೆ 1800-11-2356 ಉಚಿತ ಸಹಾಯವಾಣಿಯಲ್ಲಿ ಆಪ್ತಸಲಹೆ ಸಿಗುತ್ತದೆ. ನಿಕೋಟಿನ್ ಗಮ್‌ನಂಥ ಚಿಕಿತ್ಸೆಯೂ ನೆರವಾಗುತ್ತದೆ. ಕಡಿಮೆ ಮಾಡುವುದು ಮೊದಲ ಹೆಜ್ಜೆ ಆಗಬಹುದು. ಹೃದಯ ಉಳಿಯಬೇಕಾದರೆ ಪೂರ್ತಿ ಬಿಡಲೇಬೇಕು.