ಬೇಸಿಗೆ ಉಳುಮೆಗೆ ಮೊದಲು 15 ನಿಮಿಷ: ನಿಮ್ಮ ಹೊಲದ ಹಕ್ಕಿಗಳ ಲೆಕ್ಕ ಬರೆಯೋರು ಯಾರು?

ಭರಣಿ ಮಳೆ ಒಂದು ಹದ ಬಿದ್ದರೆ ಸಾಕು, ಮಂಡ್ಯ ಜಿಲ್ಲೆಯ ಒಣ ಹೊಲಗಳಲ್ಲಿ ಟ್ರ್ಯಾಕ್ಟರ್ ಸದ್ದು ಶುರುವಾಗುತ್ತೆ. ನಾಗಮಂಗಲದ ಕಡೆ ರಾಗಿ ಹೊಲಕ್ಕೆ ಮೊದಲ ಉಳುಮೆ ಹೊಡೆಯೋ ಹೊತ್ತು ಅದು. ಅದೇ ಹೊತ್ತಿಗೆ ಅದೇ ಹೊಲದಲ್ಲಿ ಇನ್ನೊಂದು ಸಂಸಾರವೂ ನಡೀತಿರುತ್ತೆ. ಮಣ್ಣಿನ ಹೆಂಟೆಗಳ ನಡುವೆ ಅಂಗೈಯಗಲದ ಒಂದು ಗುಳಿ, ಸುತ್ತ ಒಂದಷ್ಟು ನೊರಜುಗಲ್ಲು, ಮಧ್ಯೆ ಕಪ್ಪು ಮಚ್ಚೆಯ ನಾಲ್ಕು ಮಣ್ಣುಬಣ್ಣದ ಮೊಟ್ಟೆ. ಎರಡು ಮಾರು ದೂರದಲ್ಲಿ ನಿಂತರೂ ಕಣ್ಣಿಗೆ ಬೀಳಲ್ಲ. ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತವರಿಗಂತೂ ಕಾಣೋ ಮಾತೇ ಇಲ್ಲ.

ಇದು ಟಿಟ್ಟಿಭದ ಗೂಡು. ಕೆಲವರು ತೇನೆಹಕ್ಕಿ ಅಂತಾರೆ. ರಾತ್ರಿ ನೀರು ಕಟ್ಟೋಕೆ ಹೋದಾಗ ತಲೆ ಮೇಲೆ ಚೀರಾಡಿಕೊಂಡು ಹಾರುತ್ತಲ್ಲ, ಅದೇ. ಕಣ್ಣಿನ ಹತ್ತಿರ ಕೆಂಪು ಚರ್ಮ ಇದ್ದರೆ ಕೆಂಪು ಟಿಟ್ಟಿಭ, ಇದು ಕೆರೆ, ಗದ್ದೆ ಹತ್ತಿರ ಜಾಸ್ತಿ. ಹಳದಿ ಚರ್ಮ ಇದ್ದರೆ ಹಳದಿ ಟಿಟ್ಟಿಭ. ಅದಕ್ಕೆ ನೀರಿಗಿಂತ ಬೋಳು ಹೊಲ, ಗೋಮಾಳ, ಬೀಳು ಬಿಟ್ಟ ಜಮೀನು ಇಷ್ಟ. ಎರಡೂ ಮೊಟ್ಟೆ ಇಡೋದು ನೆಲದ ಮೇಲೆ, ಅದೂ ಬಿಸಿಲು ಸುಡುವ ತಿಂಗಳುಗಳಲ್ಲಿ. ಬಿಸಿಲು ಜಾಸ್ತಿಯಾದರೆ ತಾಯಿ ತಂದೆ ಇಬ್ಬರೂ ನೀರಿಗೆ ಹೋಗಿ ಎದೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರ್ತವೆ, ತಂಪಾಗಲಿ ಅಂತ. ಇಷ್ಟೆಲ್ಲ ಪಾಡುಪಟ್ಟ ಗೂಡು ರೋಟವೇಟರ್ ಕೆಳಗೆ ಹೋಗೋದು ಒಂದು ಕ್ಷಣದಲ್ಲಿ. ನಿಮ್ಮೂರಲ್ಲಿ ವರ್ಷಕ್ಕೆ ಎಷ್ಟು ಗೂಡು ಹೀಗೆ ಹೋಗ್ತವೆ? ಲೆಕ್ಕ ಎಲ್ಲೂ ಬರೆದಿಲ್ಲ. ಈ ವಾರದ ಲೇಖನ ಆ ಲೆಕ್ಕದ ಬಗ್ಗೆ.

ಹಕ್ಕಿ ನೋಡೋರು ಎಲ್ಲಿಗೆ ಹೋಗ್ತಾರೆ?

ಮಂಡ್ಯ ಜಿಲ್ಲೆಯಲ್ಲಿ ಹಕ್ಕಿ ನೋಡೋರಿಗೇನೂ ಕಮ್ಮಿ ಇಲ್ಲ. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆ ಮೇರೆಗೆ ಪಕ್ಷಿಧಾಮವಾಯ್ತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು, ಕರ್ನಾಟಕದ ಮೊದಲ ರಾಮ್ಸರ್ ತಾಣ ಅದು. ಬೈನಾಕ್ಯುಲರ್, ಉದ್ದನೆಯ ಲೆನ್ಸ್ ಹಿಡಿದವರು ಮೈಸೂರು, ಬೆಂಗಳೂರಿನಿಂದ ಬಂದು ಅಲ್ಲಿ, ಕೆಆರ್‌ಎಸ್ ಹಿನ್ನೀರಿನಲ್ಲಿ, ಆಮೇಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಕಂಡಿದ್ದನ್ನೆಲ್ಲ ಬರೆದಿಡ್ತಾರೆ.

ಕೊಕ್ಕರೆಬೆಳ್ಳೂರಿನ ಮಾತು ಬಂತಲ್ಲ, ಅದನ್ನ ಸುಮ್ನೆ ದಾಟಿ ಹೋಗೋಕಾಗಲ್ಲ. ಅದು ಕಾಡಲ್ಲ, ಬೇಲಿ ಹಾಕಿದ ಧಾಮವೂ ಅಲ್ಲ, ನಮ್ಮ ನಿಮ್ಮಂಥವರು ಬೇಸಾಯ ಮಾಡೋ ಊರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಮನೆ ಹಿತ್ತಲಿನ ಹುಣಸೆಮರ, ಅರಳಿಮರಗಳಲ್ಲೇ ಗೂಡು ಕಟ್ಟಿ, ಬೇಸಿಗೆ ಪೂರ್ತಿ ಮರಿ ಸಾಕಿ ಮುಂಗಾರಿನ ಹೊತ್ತಿಗೆ ಹೊರಡ್ತವೆ. ಹುಣಸೆ ಬಡಿಯೋ ಕಾಲಕ್ಕೆ ಸರಿಯಾಗಿ ಮರದ ತುಂಬ ಗೂಡು. ಬಡಿದರೆ ಮರಿ ಸಾಯುತ್ತೆ, ಬಡಿಯದಿದ್ದರೆ ಹಣ್ಣು ಹೋಗುತ್ತೆ. ಊರಿನವರು ಹಣ್ಣು ಬಿಟ್ಟುಕೊಟ್ಟರು. ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. ಮರದಡಿ ಬೀಳೋ ಹಿಕ್ಕೆ ಹೊಲಕ್ಕೆ ಗೊಬ್ಬರ. ಊರಿನ ಹುಡುಗರೇ 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನ ಸಾಕಿದರು. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಹಕ್ಕಿ ವಿಷಯ ಪೇಟೆಯವರ ಹವ್ಯಾಸ ಅನ್ನೋರಿಗೆ ನಾನು ಈ ಊರನ್ನೇ ತೋರಿಸೋದು.

ಆದರೆ ನಕ್ಷೆ ತೆಗೆದು ನೋಡಿ. ದೇಶದ ಎಲ್ಲಾ ಕಡೆಯೂ ಇದೇ ಕಥೆ: ಹಕ್ಕಿ ದಾಖಲೆಗಳು ಗುಂಪಾಗಿರೋದು ಪಟ್ಟಣ, ಕೆರೆ, ಧಾಮಗಳ ಸುತ್ತ, ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ವಲಸೆ ಹಕ್ಕಿ ಬರೋ ಕಾಲ ಅದು, ಬಿಸಿಲೂ ಇರಲ್ಲ. ಏಪ್ರಿಲ್ ಬಿಸಿಲಲ್ಲಿ ಹುರುಳಿ ಕಿತ್ತ ಹೊಲದಲ್ಲಿ ಓಡಾಡೋಕೆ ಬೆಂಗಳೂರಿನಿಂದ ಯಾರು ಬರ್ತಾರೆ? ಅಲ್ಲಿ ಇರೋದು ನೀವು ಮಾತ್ರ. ನಮ್ಮಲ್ಲೇ ಇರೋ ಎಷ್ಟೋ ಹಕ್ಕಿಗಳು ಮೊಟ್ಟೆ ಇಡೋದು ಆ ಬೇಸಿಗೆಯಲ್ಲೇ.

ರಾಜ್ಯ ಪಕ್ಷಿಯೇ ಕಮ್ಮಿ ಆಗ್ತಿದೆ

ನೀಲಕಂಠ ನಮ್ಮ ರಾಜ್ಯ ಪಕ್ಷಿ, ದಾಸಮಗರೆ ಅಂತಲೂ ಹೆಸರು. ಕರೆಂಟ್ ತಂತಿ ಮೇಲೆ ಮಂಕಾಗಿ ಕೂತಿರುತ್ತೆ, ಹಾರಿದಾಗ ರೆಕ್ಕೆಯ ನೀಲಿ ನೋಡಬೇಕು. (ಹೆಸರು ನೀಲಕಂಠ ಆದರೂ ಕಂಠ ನೀಲಿಯಲ್ಲ, ಮಾಸಲು ಕಂದು.) ಮಿಡತೆ, ಜೀರುಂಡೆ, ಚಿಟ್ಟೆ ಹುಳ, ಓತಿಕ್ಯಾತ ಇದರ ಊಟ. ಅಂದರೆ ಹೊಲದಲ್ಲೇ ದುಡಿಯೋ ಹಕ್ಕಿ. ಬೇಸಿಗೆಯಲ್ಲಿ ಒಣಗಿದ ಮರದ ಪೊಟರೆಯಲ್ಲಿ ಮರಿ ಮಾಡುತ್ತೆ.

2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ 942 ಜಾತಿಗಳನ್ನ ಪರಿಶೀಲಿಸಿತು. ಅದಕ್ಕೆ ಆಧಾರ ಏನು ಗೊತ್ತಾ? ಸುಮಾರು 30,000 ಹಕ್ಕಿ ವೀಕ್ಷಕರು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಬರೆದಿಟ್ಟ ಮೂರು ಕೋಟಿ ದಾಖಲೆಗಳು. ದೀರ್ಘಕಾಲದ ಏರಿಳಿತ ಹೇಳೋಕೆ ಸಾಧ್ಯವಾದ 338 ಜಾತಿಗಳಲ್ಲಿ 204 ಇಳಿದಿದ್ದವು. ನವಿಲು, ಕೋಗಿಲೆ ಚೆನ್ನಾಗಿವೆ. ನವಿಲು ಜಾಸ್ತಿಯಾಗಿರೋದು ವರದಿ ಓದದೇ ನಿಮಗೆ ಗೊತ್ತು, ಅವರೆ ಬಿತ್ತಿದವರನ್ನ ಕೇಳಿ! ಆದರೆ ಹುಲ್ಲುಗಾವಲು, ಬೀಳು, ಬಯಲು ನಂಬಿದ ಹಕ್ಕಿಗಳು ಸೋತಿವೆ. ನೀಲಕಂಠವೂ ಸೇರಿ 14 ಜಾತಿಗಳ ಪರಿಸ್ಥಿತಿಯನ್ನ ಮತ್ತೆ ಪರಿಶೀಲಿಸಿ ಅಂತ ಆ ವರದಿ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ಗೆ ಶಿಫಾರಸು ಮಾಡಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನೀಲಕಂಠ ಅಪರೂಪದ ಹಕ್ಕಿಯಲ್ಲ, ಈಗಲೂ ತಂತಿ ಮೇಲೆ ಸಿಗುತ್ತೆ. ಅದು ಕಮ್ಮಿಯಾಗ್ತಿದೆ ಅಂತ ಕಣ್ಣಂದಾಜಿನಲ್ಲಿ ಯಾರಿಗೂ ಹೊಳೆಯಲ್ಲ. ಪಟ್ಟಿ ಬರೆದಿದ್ದರಿಂದ ಮಾತ್ರ ಗೊತ್ತಾಯ್ತು.

ಹೇಗೆ ಅಂದರೆ, ಉದಾಹರಣೆಗೆ ಒಂದು ತಾಲ್ಲೂಕಿನಲ್ಲಿ ಜನ 100 ಪಟ್ಟಿ ಬರೆದರು ಅಂತಿಟ್ಟುಕೊಳ್ಳಿ. ಅದರಲ್ಲಿ 20 ಪಟ್ಟಿಯಲ್ಲಿ ನೀಲಕಂಠ ಇತ್ತು. ಹತ್ತು ವರ್ಷದ ಮೇಲೆ ಮತ್ತೆ 100 ಪಟ್ಟಿ, ಈ ಸಲ 12ರಲ್ಲಿ ಮಾತ್ರ. ಹಕ್ಕಿ ಎಷ್ಟಿವೆ ಅಂತ ಎಣಿಸದಿದ್ದರೂ ಇಳಿತ ಗೊತ್ತಾಗುತ್ತೆ. ಡೇರಿಗೆ ಹಾಲು ಹಾಕೋರು ಪಾಸ್‌ಬುಕ್ ನೋಡಿ ಹಸು ಯಾವಾಗಿಂದ ಹಾಲು ಕಮ್ಮಿ ಮಾಡ್ತು ಅಂತ ಹೇಳ್ತಾರಲ್ಲ, ಹಾಗೇ. ಆದರೆ ಈ ಲೆಕ್ಕ ನಡೀಬೇಕು ಅಂದರೆ ಪಟ್ಟಿ ಪೂರ್ತಿ ಇರಬೇಕು. ಕಾಗೆ, ಗೊರವಂಕ, ಬೆಳ್ಳಕ್ಕಿ ಎಲ್ಲಾ ಬರೀಬೇಕು. 'ಕಾಗೆ ಏನ್ ಬರೆಯೋದು ಬಿಡಪ್ಪಾ' ಅಂತ ಬಿಟ್ಟರೆ, ಆ ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಜವಾಗಿ ಇರಲಿಲ್ಲವೋ, ನೀವು ಬರೀಲಿಲ್ಲವೋ ಅನ್ನೋದು ತಿಳಿಯಲ್ಲ.

ಫೋನಿನಲ್ಲಿ ಬರೆಯೋದು ಹೇಗೆ

'ಇ-ಬರ್ಡ್' ಅನ್ನೋ ಉಚಿತ ಆ್ಯಪ್ ಇದೆ. ಅಮೆರಿಕದ ಕಾರ್ನೆಲ್ ಪಕ್ಷಿ ಸಂಶೋಧನಾಲಯ ನಡೆಸುತ್ತೆ. ಬೆಳಿಗ್ಗೆ ಆರರಿಂದ ಎಂಟರ ಒಳಗೆ, ಹೊಲದ ಬದುವಿನ ಮೇಲೆ ನಿಂತು ಆ್ಯಪ್ ಶುರು ಮಾಡಿ. 15 ನಿಮಿಷ ಸಾಕು. ಕಂಡ ಹಕ್ಕಿ, ಕೇಳಿದ ಹಕ್ಕಿ, ಎಷ್ಟು ಇದ್ದವು ಅನ್ನೋದನ್ನ ಹಾಕ್ತಾ ಹೋಗಿ. ಕೊನೆಯಲ್ಲಿ ಇದು ಪೂರ್ತಿ ಪಟ್ಟಿಯಾ ಅಂತ ಕೇಳುತ್ತೆ. ಗುರುತು ಸಿಕ್ಕಿದ್ದನ್ನೆಲ್ಲ ಬರೆದಿದ್ದರೆ ಹೌದು ಅನ್ನಿ. ಗುರುತು ಸಿಗದ ಎರಡು ಮೂರು ಹಕ್ಕಿ ಇದ್ದರೂ ಪರವಾಗಿಲ್ಲ, ಅದು ತಪ್ಪಲ್ಲ. ಹೊಲದಲ್ಲಿ ಸಿಗ್ನಲ್ ಇಲ್ಲ ಅನ್ನೋ ಚಿಂತೆ ಬೇಡ. ನಮ್ಮ ಭಾಗದ ಪ್ಯಾಕ್ ಮೊದಲೇ ಇಳಿಸಿಕೊಂಡಿದ್ದರೆ ಆಫ್‌ಲೈನ್‌ನಲ್ಲೂ ಬರೀಬಹುದು, ಮನೆಗೆ ಬಂದು ಕಳಿಸಬಹುದು.

ಹೆಸರು ಗೊತ್ತಿಲ್ಲದ ಹಕ್ಕಿಗೆ ಅದೇ ಸಂಸ್ಥೆಯ 'ಮರ್ಲಿನ್' ಆ್ಯಪ್. ಫೋಟೊ ಕೊಟ್ಟರೂ, ಕೂಗು ಕೇಳಿಸಿದರೂ ಇಂಥ ಹಕ್ಕಿ ಇರಬಹುದು ಅಂತ ಹೇಳುತ್ತೆ. ಬಹಳ ಚೆನ್ನಾಗಿದೆ, ಆದರೆ ಅದು ಹೇಳಿದ್ದೇ ವೇದವಾಕ್ಯ ಅಂದುಕೊಳ್ಳಬೇಡಿ. ಕಾಜಾಣ ಬೇರೆ ಹಕ್ಕಿಗಳ ದನಿ ಅಣಕಿಸುತ್ತೆ, ಪಂಪ್‌ಸೆಟ್ ಸದ್ದೂ ಸೇರಿಕೊಳ್ಳುತ್ತೆ. ಆ್ಯಪ್ ಹೇಳಿದ ಮೇಲೆ ಕಣ್ಣಲ್ಲಿ ನೋಡಿ, ಆಮೇಲೆ ಬರೀರಿ. ಮನೇಲಿ ಹಿರಿಯರಿದ್ದರೆ ಅವರನ್ನೂ ಕರ್ಕೊಂಡು ಹೋಗಿ. ಗೌಜಲಹಕ್ಕಿ ಎಲ್ಲಿ ಕೂಗ್ತಿದೆ, ಅದು ಒಂದೋ ಎರಡೋ ಅಂತ ಅವರು ಕಿವಿಯಲ್ಲೇ ಹೇಳ್ತಾರೆ.

ಒಂದು ಎಚ್ಚರಿಕೆ. ನೀವು ಹಾಕಿದ ಪಟ್ಟಿ, ಜಾಗ ಎಲ್ಲರಿಗೂ ಕಾಣುತ್ತೆ. ಅದಕ್ಕೆ ಜಾಗದ ಹೆಸರಿನಲ್ಲಿ ನಿಮ್ಮ ಹೆಸರು, ಸರ್ವೆ ನಂಬರ್ ಬೇಡ, ಊರ ಹೆಸರು ಸಾಕು. ಗೂಡಿನ ಫೋಟೊ, ಅದರ ಲೊಕೇಶನ್ ವಾಟ್ಸ್ಆ್ಯಪ್ ಗುಂಪಿಗೆ, ಇನ್‌ಸ್ಟಾಗ್ರಾಮಿಗೆ ಹಾಕಲೇಬೇಡಿ. ಗೌಜಲಹಕ್ಕಿಗೆ ಬಲೆ ಹಾಕೋರ ಕೈಲೂ ಸ್ಮಾರ್ಟ್‌ಫೋನ್ ಇದೆ. (ಹಾಗೆ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅನ್ನೋದು ನೆನಪಿರಲಿ.)

ಈಗ ಏನು ನೋಡೋಕೆ ಸಿಗುತ್ತೆ

ಚಳಿಗಾಲಕ್ಕೆ ಬಂದಿದ್ದ ವಲಸೆ ಹಕ್ಕಿಗಳು ಏಪ್ರಿಲ್ ಮುಗಿಯೋ ಹೊತ್ತಿಗೆ ಬಹುಪಾಲು ವಾಪಸ್. ಈಗ ಇರೋದು ನಮ್ಮವೇ. ಬದುವಿನ ಅಥವಾ ಕಾಲುವೆ ಏರಿಯ ಮಣ್ಣುಗೋಡೆಯಲ್ಲಿ ಬೆರಳುಗಾತ್ರಕ್ಕಿಂತ ಕೊಂಚ ದೊಡ್ಡ ತೂತುಗಳಿದ್ದರೆ ದೂರದಲ್ಲಿ ಕೂತು ಐದು ನಿಮಿಷ ನೋಡಿ. ಹಸಿರು ಕಳ್ಳಿಪೀರ ನೊಣ, ಜೇನುಹುಳ ಕಚ್ಚಿಕೊಂಡು ಒಳಗೆ ಹೋಗ್ತಿರುತ್ತೆ. ದನದ ಹಿಂದೆ ತಿರುಗೋ ಬೆಳ್ಳಕ್ಕಿಯ ತಲೆ ಕುತ್ತಿಗೆ ಈಗ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತೆ, ಅದು ಬೇರೆ ಜಾತಿಯಲ್ಲ, ಮರಿ ಮಾಡೋ ಕಾಲದ ಬಣ್ಣ. ಬೋಳು ಹೊಲದಲ್ಲಿ ನೆಲಗುಬ್ಬಿ ಮೇಲಕ್ಕೆ ಹಾರಿ, ಸಿಳ್ಳೆ ಹಾಕ್ತಾ ಕಲ್ಲು ಬಿದ್ದಂತೆ ಕೆಳಗಿಳಿಯುತ್ತೆ.

ಉಳುವ ದಿನವೂ ಪಟ್ಟಿಗೆ ಒಳ್ಳೆ ದಿನ. ಟ್ರ್ಯಾಕ್ಟರ್ ಹಿಂದೆ ಬರೋ ಬೆಳ್ಳಕ್ಕಿ, ಗೊರವಂಕ, ಕಾಜಾಣಗಳನ್ನ ಎಣಿಸಿ. ಮಾಗಿ ಉಳುಮೆಯಿಂದ ಮೇಲೆ ಬಂದ ಕೋಶ, ಗೊಣ್ಣೆಹುಳಗಳನ್ನ ಕೂಲಿಯಿಲ್ಲದೆ ಆರಿಸೋರು ಅವರೇ.

ಇನ್ನು ಗೂಡಿನ ವಿಷಯ. ಉಳೋಕೆ ಮೊದಲು ಹೊಲದಲ್ಲಿ ಒಂದು ಸುತ್ತು ನಡೀರಿ. ಟಿಟ್ಟಿಭ ಕೂಗಿಕೊಂಡು ನಿಮ್ಮ ಮೇಲೆ ಎರಗಿದರೆ ಗೂಡೋ ಮರಿಯೋ ಹತ್ತಿರದಲ್ಲಿದೆ ಅಂತ ಅರ್ಥ. ಹಿಂದೆ ಸರಿದು ದೂರದಲ್ಲಿ ಕೂತರೆ ಅದೇ ಬಂದು ಮೊಟ್ಟೆ ಮೇಲೆ ಕೂತು ಜಾಗ ತೋರಿಸಿಕೊಡುತ್ತೆ. ಎರಡು ಮೂರು ಮಾರು ದೂರದಲ್ಲಿ ಒಂದೆರಡು ಗೂಟ ನೆಟ್ಟು, ಅಷ್ಟು ಜಾಗ ಬಿಟ್ಟು ಉಳುಮೆ ಮಾಡಿ. ಗೂಟ ಗೂಡಿನ ಪಕ್ಕದಲ್ಲೇ ಬೇಡ, ಕಾಗೆಗೆ ದಾರಿ ತೋರಿಸಿದಂತೆ ಆಗುತ್ತೆ. ಕಾವು ಹೆಚ್ಚುಕಮ್ಮಿ ನಾಲ್ಕು ವಾರ. ಮರಿ ಹೊರಬಂದ ಸ್ವಲ್ಪ ಹೊತ್ತಿಗೇ ನಡೆದುಕೊಂಡು ಹೋಗುತ್ತೆ, ಆಮೇಲೆ ಆ ಜಾಗವೂ ನಿಮ್ಮದೇ. ರಾಗಿ ಬಿತ್ತನೆಗೆ ಇನ್ನೂ ಟೈಮ್ ಇರುತ್ತೆ.

ಕಾಲುವೆ ನೀರಿನ ಕಡೆಯವರಿಗೆ ಸಮಸ್ಯೆ ಬೇರೆ: ಕಬ್ಬಿನ ತರಗಿಗೆ ಬೆಂಕಿ. ಗೌಜಲಹಕ್ಕಿ, ಅದರ ಮೊಟ್ಟೆ, ಮರಿ ಎಲ್ಲಾ ಅದರಲ್ಲೇ ಹೋಗ್ತವೆ. ತರಗನ್ನ ಪುಡಿ ಮಾಡಿ ಸಾಲಿನಲ್ಲೇ ಮುಚ್ಚಿಗೆ ಹಾಕಿದರೆ ತೇವವೂ ಉಳಿಯುತ್ತೆ, ಈ ಮಾತನ್ನ ಬೇರೆ ಕಾರಣಕ್ಕೆ ನೀವು ಕೇಳೇ ಇರ್ತೀರಿ. ಬದುವಿನ ಒಣಮರವನ್ನ ಸೌದೆಗೆ ಕಡಿಯೋ ಮುಂಚೆ ಪೊಟರೆ ಇದೆಯಾ ನೋಡಿ. ನೀಲಕಂಠಕ್ಕೆ ಬೇರೆ ಮನೆ ಕಟ್ಟೋಕೆ ಬರಲ್ಲ. ಇಲಿಗೆ ವಿಷ ಇಟ್ಟರೆ ಸತ್ತ ಇಲಿಗಳನ್ನ ಹುಡುಕಿ ಹೂಳಿ, ಅದನ್ನ ತಿಂದ ಗೂಬೆಯೂ ಸಾಯಬಹುದು.

ಚಾತಕ ಬಂತಾ?

ಮೇ ಕೊನೆ, ಜೂನ್ ಬಂದರೆ ಎಲ್ಲರಿಗೂ ಚಾತಕದ ನೆನಪು. ಕಪ್ಪು ಬಿಳುಪು ಮೈ, ತಲೆ ಮೇಲೆ ಜುಟ್ಟು, ಉದ್ದ ಬಾಲ. ಮೊಟ್ಟೆ ಇಡೋದು ಹರಟೆಮಲ್ಲನ ಗೂಡಿನಲ್ಲಿ. ಉತ್ತರ ಭಾರತಕ್ಕೆ ಅದು ಆಫ್ರಿಕಾದಿಂದ ಮುಂಗಾರಿನ ಜೊತೆಗೇ ಬರುತ್ತೆ, ಅದಕ್ಕೇ ಮಳೆ ತರೋ ಹಕ್ಕಿ ಅಂತ ಹೆಸರು. ನಮ್ಮ ದಕ್ಷಿಣದಲ್ಲಿ ಇಲ್ಲೇ ಉಳಿಯೋ ಚಾತಕಗಳೂ ಇವೆ. ಹಾಗಾಗಿ ಚಾತಕ ಕಂಡಿತು ಅಂತ ಬಿತ್ತನೆಗೆ ಇಳೀಬೇಡಿ, ಹವಾಮಾನ ಇಲಾಖೆ ಮುನ್ಸೂಚನೆ ನೋಡಿಯೇ ಬೀಜ ತೆಗೀರಿ. ಆದರೆ ನಿಮ್ಮೂರಲ್ಲಿ ಅದು ಯಾವ್ಯಾವ ತಿಂಗಳು ಕಾಣುತ್ತೆ, ಯಾವಾಗ ಕಾಣಲ್ಲ ಅನ್ನೋದನ್ನ ಬರೆದಿಡೋದು ಬಹಳ ಉಪಯೋಗದ ಕೆಲಸ. 2007ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಶುರು ಮಾಡಿದ 'ಮೈಗ್ರಂಟ್ ವಾಚ್' ಯೋಜನೆ ಜನಸಾಮಾನ್ಯರಿಂದ ಇಂಥದ್ದನ್ನೇ ಕೇಳಿತ್ತು: ಮೊದಲು ಕಂಡ ದಿನ, ಕಂಡ ಜಾಗ.

ಮೇ ಎರಡನೇ ಶನಿವಾರದ ಆಸುಪಾಸಿನಲ್ಲಿ ಪ್ರಪಂಚದಾದ್ಯಂತ ಹಕ್ಕಿ ಎಣಿಸೋ ದಿನ ಇರುತ್ತೆ, ತಾರೀಕು ಇ-ಬರ್ಡ್‌ನಲ್ಲೇ ಕಾಣುತ್ತೆ. ಕೃತ್ತಿಕಾ ಮಳೆ ಕಾಲಿಡೋ ಹೊತ್ತು, ಕೆಲಸ ಇದ್ದೇ ಇರುತ್ತೆ. ನೀರು ಕಟ್ಟೋಕೆ ಹೇಗೂ ಹೋಗ್ತೀರಿ, ಪಂಪ್ ಹಾಕಿ ಮಡಿ ತುಂಬೋ ತನಕ ಒಂದು ಪಟ್ಟಿ ಬರೀರಿ.