ಅರವತ್ತು ಜನರ ನಾಷ್ಟಾ, ಮೂರು ಟ್ರೇ ತತ್ತಿ

ಮದುವೆಯ ಮರುದಿನದ ಬೆಳಗು ನಮ್ಮ ಗೃಹಿಣಿಯರ ಪಾಲಿಗೆ ಮದುವೆಯ ದಿನಕ್ಕಿಂತಲೂ ಕಠಿಣವಾದುದು. ಮದುವೆಯ ಊಟಕ್ಕೆ ಅಡಿಗೆಯವರಿರುತ್ತಾರೆ. ಮರುದಿನದ ನಾಷ್ಟಾ ಮನೆಯವರ ಕೈಗೇ ಬರುತ್ತದೆ. ಕಲಬುರ್ಗಿಯಿಂದ ರೈಲಿನಲ್ಲಿ ಬಂದು ಅಕ್ಕಲಕೋಟ ರೋಡ್ ನಿಲ್ದಾಣದಲ್ಲಿ ಇಳಿದವರು, ಇಂಡಿ, ಅಫಜಲಪುರಗಳಿಂದ ಬಸ್ಸು ಹಿಡಿದು ಬಂದವರು, ಸೊಲ್ಲಾಪುರದ ಆಪ್ತರು, ಎಲ್ಲರೂ ಸೇರಿದರೆ ಅರವತ್ತು ತಾಟುಗಳಾಗುವುದು ದೊಡ್ಡ ಮಾತಲ್ಲ. ಅಷ್ಟು ಜನರಿಗೆ ಪೂರಿ ಕರಿಯಹೊರಟರೆ ಮನೆಯ ಹೆಂಗಸರು ಎರಡು ತಾಸು ಎಣ್ಣೆಯ ಮುಂದೆಯೇ ನಿಲ್ಲಬೇಕು. ಕಡೆಗೆ ಅವರಿಗೆ ಉಳಿಯುವುದು ತಣ್ಣಗಾದ ಚಹಾ ಮಾತ್ರ. ಈ ಪದ್ಧತಿ ಬದಲಾಗಬೇಕೆಂಬುದೇ ನಮ್ಮ ಬಿನ್ನಹ.

ತತ್ತಿ ತಿನ್ನುವ ರೂಢಿಯಿರುವ ಮನೆಗಳಲ್ಲಿ ಇದಕ್ಕೊಂದು ಸುಲಭೋಪಾಯವಿದೆ. ಆದರೆ ನಮ್ಮ ಭಾಗದಲ್ಲಿ ತತ್ತಿಯನ್ನು ಮುಟ್ಟದ ಮನೆತನಗಳು ಅನೇಕವಿವೆ. ತಿನ್ನುವವರಲ್ಲಿಯೂ ಶ್ರಾವಣದಲ್ಲಿ ಬಿಡುವವರು, ಸ್ವಾಮಿ ಸಮರ್ಥರ ಗುರುವಾರವನ್ನು ಪಾಲಿಸುವವರು, ಸಿದ್ಧರಾಮೇಶ್ವರರ ಸಂಕ್ರಾಂತಿ ಜಾತ್ರೆಯ ದಿನಗಳಲ್ಲಿ ವರ್ಜಿಸುವವರು ಇದ್ದಾರೆ. ಆದುದರಿಂದ ಹಿಂದಿನ ದಿನವೇ ಯಾರು ತಿನ್ನುವವರು, ಯಾರು ತಿನ್ನದವರು ಎಂಬುದನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಬೇಕು. ಅರವತ್ತರಲ್ಲಿ ನಲವತ್ತೈದು ಜನ ತಿನ್ನುವವರೆಂದು ಇಟ್ಟುಕೊಳ್ಳೋಣ. ತಲೆಗೆ ಎರಡರಂತೆ 90 ತತ್ತಿ, ಅಂದರೆ ಮೂವತ್ತರ ಮೂರು ಟ್ರೇ ಸಾಕು.

ಜೊತೆಗೆ ಏನು ಬಡಿಸಬೇಕೆಂಬ ಚಿಂತೆಯನ್ನು ನಮ್ಮ ಹಿರಿಯರು ಎಂದೋ ಪರಿಹರಿಸಿದ್ದಾರೆ. ಜೋಳದ ಕಡಕ ರೊಟ್ಟಿಯನ್ನು ವಾರ ಮೊದಲೇ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿಡಬಹುದು. ಸೊಲ್ಲಾಪುರದಲ್ಲಿ ಮಾಡಿ ಮಾರುವವರಿಂದಲೂ ತರಿಸಬಹುದು. ಶೇಂಗಾ ಚಟ್ನಿಯಂತೂ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಹಿಂದಿನ ರಾತ್ರಿ ಮೊಸರಿಗೆ ಹೆಪ್ಪು ಹಾಕಿದರಾಯಿತು. ಬೆಳಿಗ್ಗೆ ಒಲೆಗೆ ಉಳಿಯುವ ಮುಖ್ಯ ಕೆಲಸವೆಂದರೆ ತತ್ತಿಯ ಬುರ್ಜಿಯೊಂದೇ.

ಅದಕ್ಕೆ ಬೇಕಾದ ಸಾಮಗ್ರಿ: ಉಳ್ಳಾಗಡ್ಡಿ 2 ಕಿಲೋ, ಟೊಮೆಟೊ ಒಂದೂವರೆ ಕಿಲೋ, ಹಸಿಮೆಣಸಿನಕಾಯಿ 100 ಗ್ರಾಂ, ಎಣ್ಣೆ ಸುಮಾರು 400 ಗ್ರಾಂ, ಅರಿಷಿಣ ಎರಡು ಚಮಚ, ಕೊತಂಬರಿ ಎರಡು ಸೂಡು. ಉಪ್ಪು 60 ಗ್ರಾಂದಷ್ಟು ಹಿಡಿದೀತು. ರುಚಿ ನೋಡಿ ಹೆಚ್ಚಿಸಬಹುದು.

ಅತಿಥಿಗಳು ಸ್ನಾನ ಮುಗಿಸುವ ಮೊದಲೇ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ಬಾಡಿಸಿ, ಅರಿಷಿಣ, ಟೊಮೆಟೊ, ಉಪ್ಪು ಸೇರಿಸಿ, ನೀರು ಆರುವವರೆಗೆ ಬೇಯಿಸಿ ಇಳಿಸಿಡಬೇಕು. ಇದನ್ನು ಮೂರು ಪಾಲು ಮಾಡಬೇಕು. ಪಂಕ್ತಿ ಕುಳಿತಾಗ ಒಂದು ಪಾಲನ್ನು ಕಡಾಯಿಯಲ್ಲಿ ಬಿಸಿ ಮಾಡಿ, ಮೂವತ್ತು ತತ್ತಿಗಳನ್ನು ಕಲಕಿ ಸುರಿದು, ಮಧ್ಯಮ ಉರಿಯ ಮೇಲೆ ತಳ ಕೆದರುತ್ತ ಬೇಯಿಸಬೇಕು. ಹಸಿದ್ರವ ಉಳಿಯದಂತೆ, ಆದರೆ ಮೃದುತ್ವ ಇರುವಾಗಲೇ ಇಳಿಸಿ ಕೊತಂಬರಿ ಉದುರಿಸಬೇಕು. ಮುಂದಿನ ಪಂಕ್ತಿಗೆ ಮುಂದಿನ ಪಾಲು.

ತೊಂಬತ್ತನ್ನೂ ಒಮ್ಮೆಗೇ ಏಕೆ ಹಾಕಬಾರದೆಂದು ಕೇಳುವವರುಂಟು. ರಾಶಿ ದೊಡ್ಡದಾದಷ್ಟೂ ತಳದಲ್ಲಿ ಹೊತ್ತಿ, ಮೇಲೆ ಹಸಿಯಾಗಿ ಉಳಿಯುತ್ತದೆ. ಅತಿಯಾಗಿ ಬೆಂದ ತತ್ತಿಯ ಸಸಾರಜನಕವು ಬಿಗಿದುಕೊಂಡು, ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ; ಪಾತ್ರೆಯ ತಳದಲ್ಲಿ ನೀರು ನಿಲ್ಲುವುದು ಇದರಿಂದಲೇ. ಕಬ್ಬಿಣದ ಕಡಾಯಿಯಲ್ಲಿ ಬಹಳ ಹೊತ್ತು ಬಿಟ್ಟರೆ ತತ್ತಿಯ ಗಂಧಕಾಂಶವು ಕಬ್ಬಿಣದೊಡನೆ ಕೂಡಿ ಹಸುರುಗಪ್ಪು ಬಣ್ಣ ಬರುತ್ತದೆ. ಸ್ಟೀಲಿನ ಪಾತ್ರೆಗೆ ಕೂಡಲೇ ಬಗ್ಗಿಸುವುದು ಒಳ್ಳೆಯದು.

ನಮ್ಮ ಮದುವೆಗಳು ಹೆಚ್ಚಾಗಿ ಬೇಸಿಗೆಯಲ್ಲಿ. ಸೊಲ್ಲಾಪುರದ ಚೈತ್ರ, ವೈಶಾಖಗಳ ಬಿಸಿಲು 40 ಅಂಶವನ್ನು ದಾಟುತ್ತದೆ. ಆಗ ಒಡೆದ ತತ್ತಿಯನ್ನು ಕಾಯಿಸಿಡಬಾರದು. ಬೆಂದುದನ್ನೂ ಒಂದು ತಾಸಿನೊಳಗೆ ಬಡಿಸಿ ಮುಗಿಸಬೇಕು. ಪ್ರತಿಯೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು ನೋಡಿಯೇ ದೊಡ್ಡ ಪಾತ್ರೆಗೆ ಹಾಕಬೇಕು. ಕೆಟ್ಟದ್ದೊಂದು ಸೇರಿದರೆ ಇಪ್ಪತ್ತೊಂಬತ್ತೂ ಹಾಳು. ನೀರಿನಲ್ಲಿ ತೇಲುವ ತತ್ತಿ ಹಳೆಯದು. ಅದನ್ನು ಬದಿಗಿಡುವುದೇ ಲೇಸು.

ಇನ್ನು ತಿನ್ನದ ಹದಿನೈದು ಜನ. ಇವರಿಗೆ ಚುರಮುರಿ ಸುಸಲಾ ಉತ್ತಮ. ಒಂದು ಕಿಲೋ ಚುರಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಶೇಂಗಾಗಳ ಒಗ್ಗರಣೆಯಲ್ಲಿ ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಲಿಂಬೆ ಹಿಂಡಿದರೆ ಆಯಿತು. ಆದರೆ ಇದನ್ನು ಮೊದಲು ಮಾಡಬೇಕು. ಇದರ ಒಲೆ, ಕಡಾಯಿ, ಸೌಟುಗಳೂ, ಬಡಿಸುವ ಕೈಯೂ ಬೇರೆಯಾಗಿರಬೇಕು. ವ್ರತಸ್ಥರಾದ ಅಜ್ಜಿಯೊಬ್ಬರು ಸಂಶಯಪಟ್ಟು ಬರಿಯ ಚಹಾ ಕುಡಿದೆದ್ದರೆ, ಉಳಿದ ಐವತ್ತೊಂಬತ್ತು ಜನ ಉಂಡ ಪುಣ್ಯವೂ ಆ ಮನೆಗೆ ಸಲ್ಲದು. ಕಡಕ ರೊಟ್ಟಿ, ಚಟ್ನಿ, ಮೊಸರು ಮಾತ್ರ ಎಲ್ಲರಿಗೂ ಒಂದೇ. ಅವನ್ನು ಬೇರೆಯಾಗಿಯೇ ಇಟ್ಟು ಬಡಿಸಿದರೆ ಎರಡೂ ಬಗೆಯವರು ಒಂದೇ ಜಮಖಾನೆಯ ಮೇಲೆ ಎದುರುಬದುರು ಕುಳಿತು ಉಣ್ಣಬಹುದು.

ಮೂರನೆಯ ಪಂಕ್ತಿಯಲ್ಲಿ ಅಡಿಗೆಮನೆಯವರಿಗೂ ತಾಟು ಹಾಕುವುದನ್ನು ಮರೆಯಬಾರದು. ಕೊನೆಯ ಮೂವತ್ತು ತತ್ತಿಗಳನ್ನು ಮನೆಯ ಗಂಡಸರು ಕೆದರಿದರೆ ಯಾರ ಮಾನವೂ ಹೋಗುವುದಿಲ್ಲ. ತವರಿನಿಂದ ಬಂದ ಅಕ್ಕತಂಗಿಯರೊಡನೆ ನಾಲ್ಕು ಮಾತನಾಡಲು ಗಡಿಯಾಚೆಯ ನಮ್ಮ ಹೆಣ್ಣುಮಕ್ಕಳಿಗೆ ಸಿಗುವುದು ಇಂಥ ಬೆಳಗುಗಳೇ. ಬಸ್ಸಿನ ಹೊತ್ತಾಗುವ ಮುನ್ನ ಅವರೂ ಕುಳಿತು, ಬಿಸಿಯಾಗಿ ಉಂಡು, ಮನಸಾರೆ ಕನ್ನಡ ಮಾತನಾಡುವಂತಾದರೆ ಆ ಮೂರು ಟ್ರೇ ತತ್ತಿಗೆ ಕೊಟ್ಟ ಹಣ ಸಾರ್ಥಕವಾದಂತೆ.