ಕೊಲ್ಲೂರಿನ ಹರಿವಾಣದಲ್ಲಿ ಮೂರು ಕಟ್ಟು

ವಿಜಯದಶಮಿಯ ಬೆಳಗ್ಗೆ ಕೊಲ್ಲೂರಿನ ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಕೇರಳದ ಬಸ್ಸುಗಳಿಂದ ಇಳಿದವರು ಸೌಪರ್ಣಿಕೆಯಲ್ಲಿ ಮಿಂದು, ಒದ್ದೆ ಮುಂಡಿನಲ್ಲೇ ಸಾಲು ಹಿಡಿದಿದ್ದಾರೆ. ನಿದ್ದೆಗಣ್ಣಿನ ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಕೊಡಚಾದ್ರಿಯ ನೆತ್ತಿ ಮಂಜಿನೊಳಗಿದೆ. "ಹ್ವಾಯ್, ಹಣ್ಣ್‌ಕಾಯ್ ತಕಣಿ!" ಎಂದು ಅಂಗಡಿಯಾಕೆ ಕರೆಯುತ್ತಾಳೆ. ಮರುಕ್ಷಣ ಅದೇ ಕರೆ ಮಲಯಾಳದಲ್ಲಿ.

ಅವಳು ಜೋಡಿಸಿಟ್ಟ ಹರಿವಾಣದಲ್ಲಿ ಒಂದು ಸೋಜಿಗವಿದೆ. ನಮ್ಮ ಮೈಯ ಕೋಶಗಳಲ್ಲಿ ಸಾಮಾನ್ಯವಾಗಿ ವರ್ಣತಂತುಗಳ ಎರಡು ಕಟ್ಟು: ಅಮ್ಮನದೊಂದು, ಅಪ್ಪನದೊಂದು. ತೆಂಗಿನ ತಿರುಳಿನಲ್ಲಿ ಮೂರು. ತಾಯಿ ಕಡೆಯಿಂದ ಎರಡು, ಪರಾಗದಿಂದ ಒಂದು. 16ರಂತೆ ಒಟ್ಟು 48. ಎಳೆ ಬೊಂಡದ ನೀರಿನಲ್ಲಿ ಈ ನ್ಯೂಕ್ಲಿಯಸ್‌ಗಳು ಕೋಶಗೋಡೆಯೇ ಇಲ್ಲದೆ ತೇಲುತ್ತಿರುತ್ತವೆ, ಬರಬರುತ್ತ ಗೋಡೆ ಎಬ್ಬಿಸಿಕೊಂಡು ಕರಟದ ಒಳಮೈಗೆ ತಿರುಳಾಗಿ ಹತ್ತುತ್ತವೆ. ನೇಂದ್ರ, ಪಚ್ಚಬಾಳೆಗಳಲ್ಲಂತೂ ಇಡೀ ಗಿಡವೇ ಮೂರು ಕಟ್ಟಿನದು, 33 ವರ್ಣತಂತು. ಮೂರನ್ನು ಇಬ್ಬರಿಗೆ ಸಮವಾಗಿ ಹಂಚಲಾಗದ್ದರಿಂದ ಬೀಜ ನಿಲ್ಲುವುದಿಲ್ಲ. ಏಲಕ್ಕಿ ಬಾಳೆ ಮಾತ್ರ ಎರಡೇ ಕಟ್ಟಿನಲ್ಲಿ ಬೀಜದ ಗೊಡವೆಯಿಲ್ಲದೆ ಬಾಳುವ ಜಾಣ.

ಸರಸ್ವತಿ ಮಂಟಪದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಅಕ್ಷರ ಬರೆಸುತ್ತಿದ್ದಾರೆ. ಬೆಳ್ತಿಗೆ ಅಕ್ಕಿಯೂ ತೆಂಗಿನ ತಿರುಳಿನ ಜಾತಿಯದೇ, ಮೂರು ಕಟ್ಟು. ಮಗು ಹೋ ಎಂದು ಅಳುತ್ತಿದೆ. ನನ್ನ ಕುತೂಹಲವಿರುವುದು ಆ ಪುಟ್ಟ ಎದೆಯೊಳಗೆ. ಕೋಶ ಎರಡಾಗುವ ಮೊದಲು ವರ್ಣತಂತುಗಳ ನಕಲಾಗಬೇಕು. ನಕಲು ಮುಗಿದರೂ ಕೆಲವು ಕೋಶಗಳು ಒಡೆಯುವುದಿಲ್ಲ, ಪಾಲುಪಟ್ಟಿ ಬರೆಸಿಟ್ಟೂ ಒಲೆ ಬೇರೆ ಮಾಡದ ಮನೆಯಂತೆ. ಈ ಮಗುವನ್ನು ಬಸಿರಲ್ಲಿ ಪೊರೆದ ಮಾಸಿನಲ್ಲೂ ಅಂಥ ಕೋಶಗಳಿದ್ದವು. ಇಲಿಯ ಮಾಸಿನಲ್ಲಿ ಕಟ್ಟುಗಳು ನೂರಾರಕ್ಕೆ ಏರುತ್ತವೆ. ಇನ್ನು ಹೃದಯ. ಮಗು ಹರೆಯ ದಾಟುವಷ್ಟರಲ್ಲಿ ಅದರ ಸ್ನಾಯುಕೋಶಗಳಲ್ಲಿ ಬಹುಪಾಲು ಇಮ್ಮಡಿ ಕಟ್ಟಿನವಾಗಿರುತ್ತವೆ. ಕೋಶ ದೊಡ್ಡದಾಗುತ್ತದೆ, ಬಡಿತಕ್ಕೆ ಬಲ ಬರುತ್ತದೆ. ಮತ್ತೆ ಒಡೆದು ಹೆಚ್ಚುವ ಶಕ್ತಿ ಮಾತ್ರ ಹೆಚ್ಚುಕಡಿಮೆ ಹೋಯಿತು. ಹೃದಯಾಘಾತದ ಗಾಯ ಕಲೆಯಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ. ನಮ್ಮ ದೇಶದ ಹೊಳೆಗಳ ಜೀಬ್ರಾಮೀನಿನ ಹೃದಯಕೋಶಗಳು ಎರಡೇ ಕಟ್ಟಿನಲ್ಲಿ ಉಳಿಯುತ್ತವೆ. ಅದರ ಹೃದಯದ ತುದಿ ಕತ್ತರಿಸಿದರೂ ಹೊಸದಾಗಿ ಬೆಳೆಯುತ್ತದೆ.

ಮಧ್ಯಾಹ್ನ ಕೊಡಚಾದ್ರಿಯಿಂದ ಇಳಿದ ಹುಡುಗರು ಜೀಪಿನ ಪಕ್ಕ ಕೂತು ಉಂಬಳ ಕಿತ್ತುಹಾಕುತ್ತಿದ್ದಾರೆ. ಕಾಲಿಂದ ರಕ್ತ ಇಳಿಯುತ್ತಲೇ ಇದೆ. ಅದನ್ನು ಕೊನೆಗೂ ತಡೆಯುವ ಪ್ಲೇಟ್‌ಲೆಟ್‌ಗಳು ಎಲುಬಿನ ಮಜ್ಜೆಯ ದೈತ್ಯಕೋಶಗಳ ಚೂರುಗಳು. ಒಂದೊಂದು ದೈತ್ಯಕೋಶದಲ್ಲೂ 16, 32, ಕೆಲವೊಮ್ಮೆ 64 ಕಟ್ಟು; ಒಂದರಿಂದ ಸಾವಿರಾರು ಚೂರು ಉದುರುತ್ತವೆ. ಘಟ್ಟದ ಮೇಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯಲ್ಲೂ, ಡೆಂಗಿಯಲ್ಲೂ ಕುಸಿಯುವುದು ಈ ಚೂರುಗಳ ಎಣಿಕೆಯೇ.

ರಸ್ತೆ ಬದಿಯ ಬೇಲಿಯಲ್ಲಿ ಗೌರಿಹೂವಿನ ಬಳ್ಳಿ ಈಗ ಕಾಯಿಗಟ್ಟಿದೆ. ಅದರ ಗೆಡ್ಡೆಯೂ ಬೀಜವೂ ಕಡುವಿಷ, ಕಾಲ್ಚಿಸಿನ್. ಕೋಶ ಒಡೆಯುವಾಗ ವರ್ಣತಂತುಗಳನ್ನು ಎಳೆಯುವ ಎಳೆಗಳನ್ನೇ ಅದು ಕೆಡಿಸುತ್ತದೆ. ಕಟ್ಟು ಇಮ್ಮಡಿಯಾಗಿ ಒಳಗೇ ಉಳಿಯುತ್ತದೆ. 1937ರಿಂದೀಚೆಗೆ ಸಸ್ಯತಳಿಗಾರರಿಗೆ ಇದೇ ಆಯುಧ. ತಲಶ್ಶೇರಿಯಲ್ಲಿ ಹುಟ್ಟಿದ ಇ. ಕೆ. ಜಾನಕಿ ಅಮ್ಮಾಳ್ ಇಂಗ್ಲೆಂಡಿನ ವಿಸ್ಲಿ ತೋಟದಲ್ಲಿ ಮ್ಯಾಗ್ನೋಲಿಯಾ ಸಸಿಗಳಿಗೆ ಕಾಲ್ಚಿಸಿನ್ ಹಚ್ಚಿದರು. ಅದಕ್ಕೂ ಮೊದಲು ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳ ಬೆನ್ನು ಹತ್ತಿದ್ದರು. ಇಂದಿನ ಕಬ್ಬಿನ ತಳಿಗಳಲ್ಲಿ ಅವು ನೂರನ್ನೂ ದಾಟುತ್ತವೆ.

ರಾತ್ರಿ ಪೂಜೆ ಮುಗಿದ ಮೇಲೆ ಕಷಾಯ ತೀರ್ಥ. ಶುಂಠಿ, ಮೆಣಸಿನ ಖಾರ, ಬೆಲ್ಲದ ಸಿಹಿ. ಗಂಟಲಿಳಿದದ್ದರಲ್ಲಿ ಹೆಚ್ಚಿನದು ಕೊನೆಗೆ ಲಿವರಿಗೇ ಹೋಗಬೇಕು. ಹೃದಯ ಸೋತ ಲೆಕ್ಕದಲ್ಲಿ ಲಿವರ್ ಗೆದ್ದಿದೆ. ಅಲ್ಲಿಯ ಕೋಶಗಳಲ್ಲಿ ಎಷ್ಟೋ ನಾಲ್ಕು ಕಟ್ಟಿನವು, ಆದರೂ ಒಡೆಯಬಲ್ಲವು. ಇಲಿಗಳಲ್ಲಿ ಕಟ್ಟು ಇಳಿಸಿಕೊಂಡು ಎರಡಕ್ಕೆ ಮರಳಿದ್ದೂ ಉಂಟು. ಅರ್ಧದಷ್ಟು ಲಿವರ್ ದಾನ ಮಾಡಿದವರಲ್ಲಿ ಉಳಿದದ್ದು ಕೆಲವೇ ತಿಂಗಳಲ್ಲಿ ಬೆಳೆದು ಹಳೆಯ ಗಾತ್ರದ ಹತ್ತಿರ ಬರುತ್ತದೆ. ಒಂದು ಕಟ್ಟಿನ ಜೀನ್ ಕೆಟ್ಟರೂ ಬದಲಿಗೆ ಬೇರೆ ಇರುವುದರಿಂದ ಗೆಡ್ಡೆ ಏಳುವುದೂ ಕಡಿಮೆ ಎಂದು ಇಲಿಗಳ ಮೇಲಿನ ಪ್ರಯೋಗ ತೋರಿಸಿದೆ.

ಕ್ಯಾನ್ಸರ್ ಇದೇ ಉಪಾಯವನ್ನು ಕದಿಯುತ್ತದೆ. ಸುಮಾರು ಮೂರರಲ್ಲೊಂದು ಗೆಡ್ಡೆಯಲ್ಲಿ ವರ್ಣತಂತುಗಳು ಒಮ್ಮೆಯಾದರೂ ಪೂರ್ತಿ ಇಮ್ಮಡಿಯಾಗಿರುತ್ತವೆ. ಔಷಧದ ಹೊಡೆತಕ್ಕೆ ಉಳಿದವು ಸಾಯುವಾಗ ಕೆಲವು ದೈತ್ಯಕೋಶಗಳು ಸುಮ್ಮನೆ ಊದಿಕೊಂಡು ಕೂರುತ್ತವೆ, ಹೊಡೆತ ಕಳೆದ ಮೇಲೆ ಚಿಕ್ಕ ಕೋಶಗಳನ್ನು ಹೊರಬಿಡುತ್ತವೆ. ಆದರೆ ಅಷ್ಟೊಂದು ವರ್ಣತಂತುಗಳನ್ನು ಹಂಚುವುದು ಅವುಗಳಿಗೂ ಸುಲಭವಲ್ಲ. ಕಿಫ್18ಎ ಎಂಬ ಪ್ರೋಟೀನಿಗೆ ಜೋತುಬೀಳುತ್ತವೆ. ಅದನ್ನು ತಡೆಯುವ ಔಷಧಗಳನ್ನು ಈಗ ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ.